ಹಿತ್ತಿಲ ಕೊಟ್ಟಿಗೆಗೆ ದೆಹಲಿಯ ಒಪ್ಪಿಗೆ

ಪಂಚಾಯಿತಿ ಊರಿಗೊಂದು ಸಾರ್ವಜನಿಕ ಶೌಚಾಲಯ ಕಟ್ಟಿಸಿದರೆ ಕಾನೂನಿನ ಕಣ್ಣಿಗೆ ಅದು ನಿರ್ಮಾಣವೇ ಅಲ್ಲ. ಅದರ ಪಕ್ಕದ ಮನೆಯಾಕೆ ತನ್ನ ಹಿತ್ತಿಲಲ್ಲಿ ನಾಲ್ಕಡಿ ಅಗಲದ ಶೌಚಾಲಯ ಕಟ್ಟಿಸಿಕೊಂಡರೆ ಮಾತ್ರ ಅದು ನಿರ್ಮಾಣ. ಅದಕ್ಕೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದು ಹಾಸ್ಯದ ಮಾತಲ್ಲ. ಕೇಂದ್ರ ಸಂರಕ್ಷಿತ ಸ್ಮಾರಕವೊಂದರ ನೂರು ಮೀಟರ್ ಒಳಗೆ ಮನೆ ಇದ್ದವರಿಗೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ, 2010ರ ತಿದ್ದುಪಡಿಯ ನಂತರ, ಹೇಳುವುದು ಇದನ್ನೇ.

ಶ್ರೀರಂಗಪಟ್ಟಣದಲ್ಲಿ ಈ ನೂರು ಮೀಟರಿನ ಲೆಕ್ಕ ಗೊತ್ತಿಲ್ಲದ ಮನೆ ಕಡಿಮೆ. ರಂಗನಾಥಸ್ವಾಮಿ ದೇವಾಲಯ, ಜುಮ್ಮಾ ಮಸೀದಿ, ದರಿಯಾ ದೌಲತ್, ಗುಂಬಜ್, ಕರ್ನಲ್ ಬೇಲಿಯ ಸೆರೆಮನೆ, ಟಿಪ್ಪುವಿನ ಮೃತದೇಹ ಸಿಕ್ಕ ಜಾಗ, 1799ರ ಮೇ 4ರಂದು ಬ್ರಿಟಿಷ್ ಸೇನೆ ಕೋಟೆ ಒಡೆದು ನುಗ್ಗಿದ ಸ್ಥಳ, ಎಲ್ಲವೂ ಕಾವೇರಿಯ ಎರಡು ಕವಲುಗಳ ನಡುವಿನ ಒಂದೇ ದ್ವೀಪದ ಮೇಲಿವೆ. ಅದೇ ದ್ವೀಪದ ಮೇಲೆ ಒಂದು ಪುರಸಭೆಯೂ ಇದೆ, ಸಂತೆ ಇದೆ, ಶಾಲೆಗಳಿವೆ, ತಲೆಮಾರುಗಳಿಂದ ಬದುಕಿರುವ ಸಾವಿರಾರು ಜನರೂ ಇದ್ದಾರೆ. ಗಂಜಾಂನ ಅಂಜೂರಕ್ಕೆ ಹೆಸರಿತ್ತು. ಅಂಜೂರ ಬೆಳೆದವರ ಮನೆಗಳಿಗೆ ಹಿತ್ತಿಲಿತ್ತು, ಹಿತ್ತಿಲಲ್ಲಿ ಕೊಟ್ಟಿಗೆ ಇತ್ತು, ಬಚ್ಚಲು ಇತ್ತು.

ನೂರು ಮೀಟರ್ ಎಂದರೆ ಎಷ್ಟು? ಒಂದು ಬಿಂದುವಿನಿಂದ ಸುತ್ತಳೆದರೂ ಸುಮಾರು ಏಳೂಮುಕ್ಕಾಲು ಎಕರೆ. ಇದು ‘ನಿಷೇಧಿತ ಪ್ರದೇಶ’. ಅದರಾಚೆಗಿನ ಇನ್ನೂರು ಮೀಟರ್ ‘ನಿಯಂತ್ರಿತ ಪ್ರದೇಶ’. ಎರಡೂ ಸೇರಿದರೆ ಹತ್ತಿರ ಹತ್ತಿರ ಎಪ್ಪತ್ತು ಎಕರೆ. ಆದರೆ ಅಳತೆ ಶುರುವಾಗುವುದು ಬಿಂದುವಿನಿಂದಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ದರಿಯಾ ದೌಲತ್‌ನಂಥ ದೊಡ್ಡ ತೋಟದ ಅಂಚಿನಿಂದ ಅಳೆಯುತ್ತ ಹೋದರೆ ಎಪ್ಪತ್ತು ಎಕರೆ ಎಲ್ಲಿಗೂ ಸಾಲದು. ಹತ್ತಿರ ಹತ್ತಿರವಿರುವ ಸ್ಮಾರಕಗಳ ವೃತ್ತಗಳು ಒಂದರ ಮೇಲೊಂದು ಬಿದ್ದ ಕಡೆ, ಯಾವ ಸ್ಮಾರಕದಿಂದ ತನಗೆ ತಡೆ ಬಂತು ಎಂಬುದೇ ಮನೆಯವನಿಗೆ ತಿಳಿಯುವುದಿಲ್ಲ.

ಪಟ್ಟಣದ ಮಾತು ಹಾಗಿರಲಿ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿ ಇದೆ. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಬ್ರಹ್ಮೇಶ್ವರ, ಗೋವಿಂದನಹಳ್ಳಿಯಲ್ಲಿ ಐದು ಗರ್ಭಗುಡಿಗಳ ಪಂಚಲಿಂಗೇಶ್ವರ ದೇವಾಲಯಗಳಿವೆ, ಎರಡೂ ಹೊಯ್ಸಳರವು. ಇಂಥ ಹಳ್ಳಿಗಳಲ್ಲಿ ಗುಡಿಯಿಂದ ನೂರು ಮೀಟರ್ ನಡೆದರೆ ಊರಿನ ಬಹುಭಾಗ ಮುಗಿದೇ ಹೋಗುತ್ತದೆ. ಒಂದು ಕಡೆ ಸ್ವಚ್ಛ ಭಾರತ ಯೋಜನೆ ಹಳ್ಳಿಯ ಮನೆಗೊಂದು ಶೌಚಾಲಯಕ್ಕೆ 12,000 ರೂಪಾಯಿ ಕೊಡುತ್ತೇನೆ, ಕಟ್ಟಿಕೋ ಎಂದಿತು. ಇನ್ನೊಂದು ಕಡೆ ಅದೇ ಕೇಂದ್ರ ಸರ್ಕಾರದ ಕಾಯ್ದೆ, ಮನೆಗೆ ಅಡ್ಡಕ್ಕಾಗಲಿ ಎತ್ತರಕ್ಕಾಗಲಿ ಏನನ್ನೂ ಸೇರಿಸಬಾರದು ಎನ್ನುತ್ತದೆ. ಊರಿನ ಪಿಡಿಒ ಎರಡು ಸುತ್ತೋಲೆಗಳ ನಡುವೆ ಕೂತು ಯಾವುದಕ್ಕೆ ಸಹಿ ಹಾಕಬೇಕು?

ಕಾಯ್ದೆಯ ಒಳಗಿಳಿದರೆ ಇನ್ನೂ ಸೂಕ್ಷ್ಮಗಳಿವೆ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಗೆ ನಿಷೇಧಿತ ಪ್ರದೇಶದಲ್ಲೂ ದುರಸ್ತಿ, ನವೀಕರಣ ಮಾಡಿಸಬಹುದು, ಅದಕ್ಕೂ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ಆದರೆ ಮರುನಿರ್ಮಾಣ ದುರಸ್ತಿಯಲ್ಲ ಎಂದು ಕಾಯ್ದೆಯೇ ಬೇರ್ಪಡಿಸಿದೆ. ಆಷಾಢದ ಜಡಿಮಳೆಗೆ ಹಳೆಯ ಮಣ್ಣಿನ ಕೊಟ್ಟಿಗೆ ನೆನೆದು ಪೂರಾ ಕುಸಿಯಿತು ಎಂದುಕೊಳ್ಳಿ. ಬಿರುಕು ಬಿಟ್ಟಾಗಲೇ ಅರ್ಜಿ ಹಾಕಿದ್ದರೆ ದುರಸ್ತಿಯ ದಾರಿಯಿತ್ತು. ಬಿದ್ದ ಮೇಲೆ, ಅದೇ ಅಳತೆಯಲ್ಲಿ ಅದೇ ಜಾಗದಲ್ಲಿ ಎಬ್ಬಿಸಿದರೂ ಅದು ಮರುನಿರ್ಮಾಣ, ನೂರು ಮೀಟರ್ ಒಳಗೆ ಅದಕ್ಕೆ ಅವಕಾಶವಿಲ್ಲ. ಮಣ್ಣಿನ ಗೋಡೆಯವರಿಗೇ ಈ ನಿಯಮ ಹೆಚ್ಚು ತಟ್ಟುತ್ತದೆ. ಸಿಮೆಂಟಿನ ಗೋಡೆ ಕುಸಿಯುವುದು ಅಪರೂಪ, ಹಾಗಾಗಿ ಉಳ್ಳವರ ಮನೆಗೆ ‘ದುರಸ್ತಿ’ಯಲ್ಲೇ ಕೆಲಸ ಸಾಗುತ್ತದೆ.

ನೂರರಾಚೆ, ಮುನ್ನೂರರೊಳಗೆ ಇರುವವರ ಪಾಡು ಸ್ವಲ್ಪ ಮೇಲು. ಅವರು ಕಟ್ಟಬಹುದು, ಕೇಳಿ ಕಟ್ಟಬೇಕು. ರಾಜ್ಯದಲ್ಲಿರುವ ಸಕ್ಷಮ ಪ್ರಾಧಿಕಾರಿಗೆ ಅರ್ಜಿ, ಅವರು 15 ದಿನದಲ್ಲಿ ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು, ಪ್ರಾಧಿಕಾರ ಎರಡು ತಿಂಗಳಲ್ಲಿ ಅಭಿಪ್ರಾಯ ಹೇಳಬೇಕು, ಆಮೇಲೆ ಒಂದು ತಿಂಗಳಲ್ಲಿ ತೀರ್ಮಾನ. ಎಲ್ಲವೂ ಗಡುವಿನೊಳಗೆ ನಡೆದರೂ ಮೂರೂವರೆ ತಿಂಗಳು. ಮೂರಂತಸ್ತಿನ ವಸತಿಗೃಹಕ್ಕೆ ಇದು ದೊಡ್ಡ ಅವಧಿಯೇನಲ್ಲ, ವಾಸ್ತುಶಿಲ್ಪಿಯೊಬ್ಬ ನಕ್ಷೆ ಹಿಡಿದು ಓಡಾಡುತ್ತಾನೆ. ಎರಡು ಹಸು ಕಟ್ಟಲು ನಾಲ್ಕು ಕಂಬ ನೆಟ್ಟು ಶೀಟು ಹೊದಿಸುವವನಿಗೂ ದಾರಿ ಇದೇ, ದಾಖಲೆಗಳೂ ಇವೇ. ಇಲ್ಲಿರುವ ಅನ್ಯಾಯ ನಿಷೇಧದ್ದಕ್ಕಿಂತ ಹೆಚ್ಚಾಗಿ ಅಳತೆಯದ್ದು. ಕಾಯ್ದೆ ಕೇಳುವುದು ಎಷ್ಟು ದೂರ ಎಂಬುದನ್ನು. ಯಾರಿಗಾಗಿ, ಯಾತಕ್ಕಾಗಿ ಎಂದು ಅದು ವಿಚಾರಿಸುವುದೇ ಇಲ್ಲ.

ಸರ್ಕಾರಕ್ಕೆ ತನ್ನ ಕೆಲಸ ಆಗಬೇಕಾದಾಗ ದೂರದ ಪ್ರಶ್ನೆ ಬೇರೆ ರೀತಿಯಲ್ಲಿ ಬಗೆಹರಿದಿದೆ. ಬೆಂಗಳೂರು–ಮೈಸೂರು ಜೋಡಿ ರೈಲು ಹಳಿಗೆ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆಯೊಂದು ಅಡ್ಡವಿತ್ತು. ವರ್ಷಗಟ್ಟಲೆ ಕಾಮಗಾರಿ ನಿಂತಿತು. ಕೊನೆಗೆ 2017ರ ಮಾರ್ಚ್‌ನಲ್ಲಿ ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನೇ ಬುಡಸಮೇತ ಎತ್ತಿ, ಜ್ಯಾಕುಗಳ ಮೇಲೆ ಇಂಚಿಂಚೇ ತಳ್ಳಿ, ಪಕ್ಕಕ್ಕೆ ಸರಿಸಿ ಕೂರಿಸಿದರು. ಮೆಚ್ಚಬೇಕಾದ ಕೆಲಸ, ಸ್ಮಾರಕವೂ ಉಳಿಯಿತು, ರೈಲೂ ಓಡಿತು. 2018ರ ಜನವರಿಯಲ್ಲಿ ಲೋಕಸಭೆ ಇನ್ನೊಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು: ನೂರು ಮೀಟರ್ ಒಳಗೆ ಕೇಂದ್ರ ಸರ್ಕಾರದ ಸಾರ್ವಜನಿಕ ಕಾಮಗಾರಿಗಳಿಗೆ ವಿನಾಯಿತಿ. ಇತಿಹಾಸಕಾರರು ವಿರೋಧಿಸಿದರು, ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಒಪ್ಪಿಸಿತು, ಮಸೂದೆ ಕಾಯ್ದೆಯಾಗಲಿಲ್ಲ. ಆಗದಿದ್ದುದೇ ಒಳ್ಳೆಯದು. ಆದರೆ ಆ ಮಸೂದೆಯಲ್ಲಿ ಮೇಲ್ಸೇತುವೆಗೆ ಜಾಗವಿತ್ತು, ಬಚ್ಚಲುಮನೆಗೆ ಇರಲಿಲ್ಲ ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಹಾಗಾದರೆ ನಿಯಮ ಸಡಿಲಿಸಿ ಬಿಡಬೇಕೆ? ಖಂಡಿತ ಬೇಡ. ಮಹಾಲೇಖಪಾಲರು 2013ರ ವರದಿಗಾಗಿ ದೇಶದಲ್ಲಿ 1,655 ಸಂರಕ್ಷಿತ ಸ್ಮಾರಕಗಳನ್ನು ಹುಡುಕಿಕೊಂಡು ಹೋದಾಗ 92 ಜಾಗದಲ್ಲೇ ಇರಲಿಲ್ಲ. ಆಮೇಲೆ ಪುರಾತತ್ವ ಇಲಾಖೆ ಕೆಲವನ್ನು ಪತ್ತೆ ಹಚ್ಚಿತು. ಉಳಿದ ಐವತ್ತರಲ್ಲಿ 14 ನಗರ ಬೆಳೆದ ರಭಸಕ್ಕೆ ಅಳಿದುಹೋಗಿವೆ, 12 ಜಲಾಶಯಗಳಲ್ಲಿ ಮುಳುಗಿವೆ, 24ರ ಸುಳಿವೇ ಇಲ್ಲ ಎಂದು 2022ರಲ್ಲಿ ಸಂಸದೀಯ ಸಮಿತಿಗೆ ತಿಳಿಸಲಾಯಿತು. ಒಬ್ಬರಿಗೆ ಬಿಟ್ಟರೆ ಹತ್ತು ಜನ ಬರುತ್ತಾರೆ ಎಂಬ ಅಧಿಕಾರಿಗಳ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. ಅದೂ ಅಲ್ಲದೆ ಶೌಚಾಲಯ ಎಂದರೆ ನೆಲದ ಮೇಲಿನ ಗೋಡೆ ಮಾತ್ರವಲ್ಲ, ಕೆಳಗೆ ಗುಂಡಿಯೂ ಹೌದು. ಶ್ರೀರಂಗಪಟ್ಟಣದಂಥ ನೆಲದಲ್ಲಿ ಆರಡಿ ಅಗೆದರೆ ಏನು ಸಿಗುತ್ತದೋ ಹೇಳುವುದು ಕಷ್ಟ. ಗುಂಡಿ ತೋಡುವಾಗ ಇಲಾಖೆಯವರು ಹತ್ತಿರ ನಿಂತು ನೋಡಬೇಕು ಎಂದರೆ ಅದು ನ್ಯಾಯವಾದ ಷರತ್ತು. ತೋಡಲೇಬಾರದು, ಊರಾಚೆ ಹೋಗಿ ಬನ್ನಿ ಎಂದರೆ?

ಇದೇ ಸೀಮೆಯಲ್ಲಿ ಇನ್ನೊಂದು ಇಲಾಖೆ ಇದೇ ಪ್ರಶ್ನೆಯನ್ನು ಎದುರಿಸಿ ಸ್ವಲ್ಪ ಮಟ್ಟಿಗೆ ದಾಟಿದೆ. ಅರಣ್ಯ ಇಲಾಖೆಯ ಕತೆ ಅದು.

ಸಲೀಂ ಅಲಿ ಅವರ ಸಲಹೆಯ ಮೇಲೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು 2022ರಲ್ಲಿ ಕರ್ನಾಟಕದ ಮೊದಲ ರಾಮ್ಸಾರ್ ತಾಣವಾಯಿತು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಸುತ್ತಲಿನ ಸುಮಾರು 50 ಚದರ ಕಿಲೋಮೀಟರ್ ಕಾಡು 1974ರಿಂದ ವನ್ಯಧಾಮ, ತೋಳಕ್ಕಾಗಿ ಹೆಸರಾದದ್ದು. ನಾಗಮಂಗಲದ ಆದಿಚುಂಚನಗಿರಿಯಲ್ಲಿ 1981ರಿಂದ ನವಿಲುಧಾಮವಿದೆ. 2022ರ ಜೂನ್ 3ರಂದು ಸುಪ್ರೀಂ ಕೋರ್ಟ್, ದೇಶದ ಪ್ರತಿಯೊಂದು ಸಂರಕ್ಷಿತ ಅರಣ್ಯದ ಸುತ್ತ ಕನಿಷ್ಠ ಒಂದು ಕಿಲೋಮೀಟರ್ ಪರಿಸರ ಸೂಕ್ಷ್ಮ ವಲಯವಿರಬೇಕು, ಅದರೊಳಗೆ ಹೊಸದಾಗಿ ಶಾಶ್ವತ ಕಟ್ಟಡ ಬೇಡ ಎಂದಿತು. ಕೇರಳದಲ್ಲಿ ಜನ ಬೀದಿಗಿಳಿದರು, ಕರ್ನಾಟಕದ ಮಲೆನಾಡಿನಲ್ಲೂ ಗಾಬರಿಯೆದ್ದಿತು. ಹನ್ನೊಂದು ತಿಂಗಳೊಳಗೆ, 2023ರ ಏಪ್ರಿಲ್ 26ರಂದು, ನ್ಯಾಯಾಲಯ ತನ್ನ ಆದೇಶವನ್ನು ತಾನೇ ತಿದ್ದಿತು. ಆದೇಶ ಹಾಗೇ ಉಳಿದರೆ ಹಳ್ಳಿಗನೊಬ್ಬ ಇರುವ ಮನೆಯನ್ನು ಮತ್ತೆ ಕಟ್ಟಿಕೊಳ್ಳುವುದೂ ಆಗದು, ಪ್ರಾಣಿಗಳ ಮೇಲೆ ಜನರಿಗೆ ಸಿಟ್ಟು ಹೆಚ್ಚೀತೇ ಹೊರತು ಕಾಡಿಗೆ ಉಪಕಾರವಾಗದು ಎಂಬುದು ತಿದ್ದುಪಡಿಯ ಹಿಂದಿನ ವಿಚಾರ.

ವಲಯಗಳನ್ನು ಘೋಷಿಸುವ ಕೇಂದ್ರ ಪರಿಸರ ಸಚಿವಾಲಯದ ಅಧಿಸೂಚನೆಗಳಲ್ಲಿ ಇದಕ್ಕೂ ಮೊದಲೇ ಒಂದು ಸಾಲು ರೂಢಿಯಾಗಿತ್ತು: ಕಾಡಂಚಿನ ಒಂದು ಕಿಲೋಮೀಟರ್ ಒಳಗೆ ಹೊಸ ವಾಣಿಜ್ಯ ಕಟ್ಟಡ ಕೂಡದು, ಆದರೆ ಸ್ಥಳೀಯರು ತಮ್ಮ ಜಮೀನಿನಲ್ಲಿ ಸ್ವಂತ ಬಳಕೆಗೆ ಕಟ್ಟಿಕೊಳ್ಳಬಹುದು. ಎಷ್ಟು ಸರಳ ಮಾತು. ದೂರವನ್ನು ಬಿಟ್ಟಿಲ್ಲ, ಅದಕ್ಕೆ ಬಳಕೆಯ ಪ್ರಶ್ನೆಯನ್ನು ಸೇರಿಸಿದೆ ಅಷ್ಟೆ. ಮೇಲುಕೋಟೆ, ಪಾಂಡವಪುರದ ಕಡೆ ಚಿರತೆ ಕರು–ಮೇಕೆ ಹೊತ್ತೊಯ್ಯುವುದು ಸುದ್ದಿಯೇ ಅಲ್ಲ ಎನ್ನುವಷ್ಟು ಮಾಮೂಲಾಗಿದೆ. ಅಲ್ಲಿ ಗಟ್ಟಿ ಗೋಡೆ, ಬಾಗಿಲಿರುವ ಕೊಟ್ಟಿಗೆಯೇ ಚಿರತೆಗೂ ರಕ್ಷಣೆ. ಕರು ಉಳಿದರೆ ಉರುಳು ಹಾಕುವ ಕೈಗೆ ಕೆಲಸ ಇರುವುದಿಲ್ಲ. ಮನೆಬಳಕೆಯ ಕಟ್ಟಡ ಸಂರಕ್ಷಣೆಗೆ ಎದುರಾಳಿ ಎಂದು ಮೊದಲೇ ತೀರ್ಮಾನಿಸಿ ಕೂರುವುದು ತಪ್ಪು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮೂರನೆಯ ವಲಯ ಹೊಲ–ಗದ್ದೆಗಳದ್ದು. ಯೋಜನಾ ಪ್ರಾಧಿಕಾರಗಳ ನಕ್ಷೆಯಲ್ಲಿ ಹಸಿರು ಪಟ್ಟಿ, ಕೃಷಿ ವಲಯ ಎಂದು ಬಣ್ಣ ಬಳಿದ ನೆಲ. ಇಲ್ಲಿ ಕರ್ನಾಟಕದ ಕಾನೂನು ನಿಜಕ್ಕೂ ಜಾಣತನದ್ದು. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ, ಕೃಷಿ ಜಮೀನಿನ ಒಡೆಯ ಬೇಸಾಯಕ್ಕೆ ಬೇಕಾದ ಕಟ್ಟಡ, ಬಾವಿ, ಕಟ್ಟೆ ಮಾಡಿಕೊಳ್ಳಲು ಭೂಪರಿವರ್ತನೆ ಬೇಕಿಲ್ಲ. ತೋಟದ ಮನೆ ಎಂದರೇನು ಎಂಬುದಕ್ಕೂ ಅದರಲ್ಲಿ ವಿವರಣೆ ಇದೆ: ಜಮೀನಿಗೆ ಹೊಂದಿಕೊಂಡದ್ದು, ರೈತ ವಾಸಕ್ಕೋ ಉಪಕರಣ ಇಡಲಿಕ್ಕೋ ದನ ಕಟ್ಟಲಿಕ್ಕೋ ಬಳಸುವುದು, ಸ್ವಂತಕ್ಕೆ ಮಾತ್ರ, ವಾಣಿಜ್ಯ ಉದ್ದೇಶಕ್ಕೆ ಯಾರಿಗೂ ಬಾಡಿಗೆಗೆ ಕೊಡುವಂತಿಲ್ಲ. ಹಿಡುವಳಿಯ ಶೇ 10ರಷ್ಟು ಜಾಗ ಮೀರಬಾರದು, ಅದಕ್ಕೂ ಒಂದು ಗರಿಷ್ಠ ಮಿತಿ ಇರಬೇಕು.

ಈ ಶೇ 10 ಕೇಳಲು ಚೆಂದ, ಗುಂಟೆಗೆ ಇಳಿಸಿದಾಗ ಬೇರೆಯೇ ಕಾಣುತ್ತದೆ. ಒಂದು ಎಕರೆ ಎಂದರೆ 40 ಗುಂಟೆ, ಅದರ ಹತ್ತನೇ ಒಂದು ಪಾಲು ನಾಲ್ಕು ಗುಂಟೆ, ಅಂದರೆ 4,356 ಚದರಡಿ. ಸಾಕು. ಆದರೆ ಅಣ್ಣತಮ್ಮಂದಿರ ನಡುವೆ ಪಾಲಾಗಿ ಹತ್ತು ಗುಂಟೆ ಉಳಿದವನಿಗೆ ಸಿಗುವುದು ಒಂದೇ ಗುಂಟೆ, 1,089 ಚದರಡಿ. ಮನೆ, ಕೊಟ್ಟಿಗೆ, ಹುಲ್ಲಿನ ಮೆದೆ, ತಿಪ್ಪೆಗುಂಡಿ, ಪಂಪ್‌ಸೆಟ್ ಗೂಡು ಎಲ್ಲ ಅದರಲ್ಲೇ ಮುಗಿಯಬೇಕು. ಇಪ್ಪತ್ತು ಎಕರೆಯವನ ಶೇ 10, ಗರಿಷ್ಠ ಮಿತಿ ಅಡ್ಡ ಬರುವವರೆಗೆ, ಎರಡು ಎಕರೆ. ಎರಡೂವರೆ ಎಕರೆಗಿಂತ ಕಡಿಮೆ ನೆಲವಿರುವ ಅತಿಸಣ್ಣ ಹಿಡುವಳಿದಾರರೇ ಹೆಚ್ಚಾಗಿರುವ ಮಂಡ್ಯ ಜಿಲ್ಲೆಯಲ್ಲಿ ಈ ಶೇಕಡಾವಾರು ಲೆಕ್ಕ ಯಾರ ಪರ ವಾಲುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಗರಿಷ್ಠಕ್ಕೆ ಮಿತಿ ಇಟ್ಟ ಕಾನೂನು ಕನಿಷ್ಠಕ್ಕೂ ಒಂದು ಭರವಸೆ ಕೊಡಬೇಕಿತ್ತು.

ಆಲೆಮನೆಯದು ಇನ್ನೊಂದು ಗೋಳು. ಮಂಡ್ಯದ ಬೆಲ್ಲಕ್ಕೆ ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಎಂಬ ಪಟ್ಟ ಕಟ್ಟಿ ಸಾಲ–ಸಹಾಯಧನ ಕೊಡುತ್ತಾರೆ. ಸ್ವಂತ ಕಬ್ಬು ಅರೆಯುವ ಗಾಣ, ಕೊಪ್ಪರಿಗೆ, ಒಲೆ, ಮೇಲೊಂದು ಚಾವಣಿ ಇರುವ ಆಲೆಮನೆ ಗದ್ದೆಯ ಬದಿಯಲ್ಲೇ ಇರಬೇಕು, ಕಬ್ಬು ಕಡಿದು ದೂರ ಸಾಗಿಸಿದಷ್ಟೂ ರಸಕ್ಕೂ ಜೇಬಿಗೂ ನಷ್ಟ. ಅದು ಬೇಸಾಯದ ಕಟ್ಟಡವೋ ಕೈಗಾರಿಕೆಯೋ? ರೇಷ್ಮೆ ಹುಳು ಸಾಕುವ ಮನೆ? ಭೂಸುಧಾರಣಾ ಕಾಯ್ದೆಯಂತೂ ಹೈನುಗಾರಿಕೆ, ಕೋಳಿ ಸಾಕಣೆ, ಜಾನುವಾರು ತಳಿ ಸಂವರ್ಧನೆ ಎಲ್ಲವನ್ನೂ ಕೃಷಿ ಎಂದೇ ಕರೆದಿದೆ. ಹೀಗಿದ್ದೂ ವಿದ್ಯುತ್ ಸಂಪರ್ಕ, ಬ್ಯಾಂಕ್ ಸಾಲ, ಪಂಚಾಯಿತಿ ಖಾತೆ ಎಂದು ಒಂದೊಂದು ಮೇಜಿನ ಮುಂದೆಯೂ ಅದೇ ಶೆಡ್ಡು ಒಂದೊಂದು ಹೆಸರು ಪಡೆಯುತ್ತದೆ. ಹೇಮಗಿರಿಯ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಗೆ ಲಕ್ಷಗಳ ಬೆಲೆ ಕಟ್ಟುವವರು ಅವನ್ನು ಬಯಲಲ್ಲಿ ಕಟ್ಟುವುದಿಲ್ಲ. ಆ ಎತ್ತುಗಳಿಗೆ ಗಾಳಿ–ಬೆಳಕಿನ ಕೊಟ್ಟಿಗೆ ಬೇಕು, ಅದಕ್ಕೆ ನರೇಗಾ ಯೋಜನೆಯಲ್ಲಿ ವರ್ಷಗಳಿಂದ ಹಣವೂ ಸಿಗುತ್ತ ಬಂದಿದೆ. ಒಂದು ಇಲಾಖೆ ಹಣ ಕೊಡುವ ಕಟ್ಟಡವನ್ನು ಇನ್ನೊಂದು ಇಲಾಖೆ ಅನುಮಾನದಿಂದ ನೋಡುವುದು ನಿಲ್ಲಬೇಕು.

ಅನುಮಾನಕ್ಕೆ ಕಾರಣಗಳಿಲ್ಲದಿಲ್ಲ, ಒಪ್ಪಬೇಕು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು ಹೋದವು, ಕೃಷಿಕರಲ್ಲದವರಿಗೂ ಜಮೀನು ಕೊಳ್ಳುವ ದಾರಿ ತೆರೆಯಿತು. 2023ರ ಮಾರ್ಚ್‌ನಲ್ಲಿ 118 ಕಿಲೋಮೀಟರ್ ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. ಬೆಂಗಳೂರಿನ ವಾರಾಂತ್ಯ ಶ್ರೀರಂಗಪಟ್ಟಣದ ಬಾಗಿಲಿಗೇ ಬಂದು ನಿಂತಿತು. ಕೆಆರ್‌ಎಸ್ ಹಿನ್ನೀರಿನ ಅಂಚಿನಲ್ಲಿ, ಕಾವೇರಿಯ ದಂಡೆಯಲ್ಲಿ ಪಹಣಿಯಲ್ಲಿ ಹೊಲ, ಬೋರ್ಡಿನಲ್ಲಿ ರೆಸಾರ್ಟ್ ಎಂಬ ಜಾಗಗಳು ಎದ್ದಿವೆ. ಹೆಸರಿಗೆ ತೋಟದ ಮನೆ, ಒಳಗೆ ಈಜುಕೊಳ. ನೆಲದ ನಿಜವಾದ ಆಪತ್ತು ಇರುವುದು ಇಲ್ಲಿ. ಆದರೆ ಬಿಗಿ ಮಾಡಿದ ನಿಯಮ ಮೊದಲು ತಾಗುವುದು ಕೊಟ್ಟಿಗೆಯವನಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ರೆಸಾರ್ಟುಗಳನ್ನು ಹಿಡಿಯಲು ಕಾನೂನಿಗೆ ಹಲ್ಲಿಲ್ಲ ಎನ್ನುವಂತಿಲ್ಲ. ಹಂಪಿಯ ಎದುರು ದಡದ ವಿರುಪಾಪುರ ಗಡ್ಡೆ ಒಂದು ಕಾಲಕ್ಕೆ ಗದ್ದೆ, ಬಾಳೆತೋಟಗಳ ನಡುಗಡ್ಡೆ. ಗುಡಿಸಲು ಮಾದರಿಯ ಅತಿಥಿಗೃಹಗಳು ಒಂದೊಂದಾಗಿ ಬಂದು ಗದ್ದೆ ಹಿಂದೆ ಸರಿಯಿತು. ಪ್ರಕರಣ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು, 2020ರ ಫೆಬ್ರುವರಿಯಲ್ಲಿ ತೀರ್ಪು ಬಂತು, ಮಾರ್ಚ್‌ನಲ್ಲಿ ಜೆಸಿಬಿಗಳು ಗಡ್ಡೆಗಿಳಿದವು. ಕಟ್ಟಿದ್ದು ಗುಡಿಸಲೇ ಆದರೂ ಅದರಲ್ಲಿ ನಡೆದದ್ದು ವ್ಯಾಪಾರ. ಹತ್ತು ವರ್ಷ ಮೊದಲೇ ಬಳಕೆಯ ಪ್ರಶ್ನೆ ಕೇಳಿದ್ದರೆ ಅಷ್ಟು ದುಡ್ಡೂ ಅಷ್ಟು ಬದುಕೂ ಪೋಲಾಗುತ್ತಿರಲಿಲ್ಲ.

ಹಸಿರು ಪಟ್ಟಿ ಎಂಬ ಯೋಚನೆಗೆ ಹೆಸರಾದ ಇಂಗ್ಲೆಂಡಿನಲ್ಲೂ ಈ ಜಗಳ ಮುಗಿದಿಲ್ಲ. ಅಲ್ಲಿ 1955ರ ಸರ್ಕಾರಿ ಸುತ್ತೋಲೆಯಿಂದ ದೇಶದ ತುಂಬ ಹರಡಿದ ಹಸಿರು ಪಟ್ಟಿ ಇವತ್ತು ಒಟ್ಟು ನೆಲದ ಎಂಟನೇ ಒಂದು ಭಾಗದಷ್ಟಿದೆ. ಹೊಸ ಮನೆಗೆ ಒಪ್ಪಿಗೆ ಸಿಗುವುದು ಬಲು ಕಷ್ಟ. ಆದರೆ ಇರುವ ಮನೆಯ ಹಿತ್ತಿಲಲ್ಲಿ ಒಂದಂತಸ್ತಿನ ಶೆಡ್ಡು ಹಾಕಲು ಸಾಮಾನ್ಯವಾಗಿ ಅರ್ಜಿಯೇ ಬೇಡ. ಎರಡೂ ಕಡೆ ಇಳಿಜಾರಿರುವ ಚಾವಣಿಯಾದರೆ ನಾಲ್ಕು ಮೀಟರ್ ಎತ್ತರ, ಬೇಲಿಯಿಂದ ಎರಡು ಮೀಟರ್ ಒಳಗಿದ್ದರೆ ಎರಡೂವರೆ ಮೀಟರ್, ಹಿತ್ತಿಲ ಅರ್ಧಕ್ಕಿಂತ ಹೆಚ್ಚು ಮುಚ್ಚಬಾರದು, ಅದರಲ್ಲಿ ಬೇರೆ ಸಂಸಾರ ಹೂಡಬಾರದು. ನಿಯಮ ಇಷ್ಟು, ಮನೆಯವನೇ ಟೇಪು ಹಿಡಿದು ಅಳೆದುಕೊಳ್ಳಬಹುದು. ಪಾರಂಪರಿಕ ಕಟ್ಟಡದ ಆವರಣವಾದರೆ ಮಾತ್ರ ಕೇಳಬೇಕು.

ಮೋಸ ಅಲ್ಲೂ ಉಂಟು. ಸರ್ರೆ ಪ್ರಾಂತ್ಯದ ರೈತನೊಬ್ಬ ಹಸಿರು ಪಟ್ಟಿಯ ತನ್ನ ಜಮೀನಿನಲ್ಲಿ ಗೋಪುರಗಳಿರುವ ಕೋಟೆಯಂಥ ಮನೆ ಕಟ್ಟಿ, ಸುತ್ತ ಹುಲ್ಲಿನ ಬಣವೆ ಒಟ್ಟಿ, ಮೇಲೆ ಟಾರ್ಪಾಲು ಹೊದಿಸಿ ಅದರೊಳಗೆ ನಾಲ್ಕು ವರ್ಷ ಸಂಸಾರ ಮಾಡಿದ. ನಾಲ್ಕು ವರ್ಷ ಯಾರೂ ಆಕ್ಷೇಪಿಸದಿದ್ದರೆ ಕಟ್ಟಡ ಸಕ್ರಮ ಎಂಬ ನಿಯಮ ಅಲ್ಲಿತ್ತು. 2006ರಲ್ಲಿ ಬಣವೆ ಸರಿಸಿ ‘ಇಗೋ ನನ್ನ ಮನೆ’ ಎಂದ. ಮುಚ್ಚಿಟ್ಟ ಕಟ್ಟಡಕ್ಕೆ ಆಕ್ಷೇಪಿಸುವುದಾದರೂ ಹೇಗೆ ಎಂದು ನ್ಯಾಯಾಲಯ ಅವನ ವಾದ ತಳ್ಳಿಹಾಕಿತು. ವರ್ಷಗಟ್ಟಲೆ ಜಗ್ಗಾಡಿ 2016ರಲ್ಲಿ ಅವನೇ ಅದನ್ನು ಕೆಡವಬೇಕಾಯಿತು. ಶೆಡ್ಡಿಗೆ ಉದಾರ, ಕೋಟೆಗೆ ಕಠಿಣ: ಎರಡೂ ಒಂದೇ ವ್ಯವಸ್ಥೆಯಲ್ಲಿ ನಡೆದವು.

ಇಲ್ಲಿಗೆ ಬೇಕಾದದ್ದು ಇಂಗ್ಲೆಂಡಿನ ನಕಲಲ್ಲ, ಸಾಮಗ್ರಿ ಮನೆಯಲ್ಲೇ ಇದೆ. ಪರಿಸರ ಅಧಿಸೂಚನೆಯ ‘ಸ್ಥಳೀಯರ ಸ್ವಂತ ಬಳಕೆ’ ಎಂಬ ಸಾಲು, 95ನೇ ಕಲಮಿನ ತೋಟದ ಮನೆಯ ವಿವರಣೆ, ಎರಡನ್ನೂ ಸ್ಮಾರಕ ಕಾಯ್ದೆಯ ನೂರು–ಮುನ್ನೂರು ಮೀಟರಿಗೆ ತರಬೇಕು. ಒಂದಂತಸ್ತು, ಹಂಚು ಅಥವಾ ಶೀಟಿನ ಚಾವಣಿ, ಇಂತಿಷ್ಟು ಚದರಡಿ, ಸ್ಮಾರಕದ ನೋಟಕ್ಕೆ ಅಡ್ಡ ಬರದ ಎತ್ತರ, ಮನೆಯವರದೇ ಬಳಕೆ. ಈ ಅಳತೆಯೊಳಗಿನ ಶೌಚಾಲಯ, ಬಚ್ಚಲು, ಕೊಟ್ಟಿಗೆ, ಅಡುಗೆಮನೆಗೆ ನಿಯಂತ್ರಿತ ಪ್ರದೇಶದಲ್ಲಿ ಅರ್ಜಿಯ ಬದಲು ಮಾಹಿತಿಪತ್ರ ಸಾಕೆನ್ನಬೇಕು. ನಿಷೇಧಿತ ಪ್ರದೇಶದಲ್ಲಿ ಶೌಚಾಲಯಕ್ಕೂ, ಬಿದ್ದ ಗೋಡೆಯನ್ನು ಅದೇ ಅಳತೆಯಲ್ಲಿ ಎಬ್ಬಿಸುವುದಕ್ಕೂ ಇಲಾಖೆಯ ಸಿಬ್ಬಂದಿಯ ಸಮ್ಮುಖದಲ್ಲಿ ಅವಕಾಶ ಬೇಕು. ಇದಕ್ಕೆ ಸಂಸತ್ತು ಕಾಯ್ದೆ ತಿದ್ದಬೇಕು. ಎಲ್ಲ ಸ್ಮಾರಕಕ್ಕೂ ಒಂದೇ ಅಳತೆ ಹಿಡಿದರೆ ಜನರಿಗೆ ತೊಂದರೆ ಎಂದು ಸಂಸದೀಯ ಸ್ಥಾಯಿ ಸಮಿತಿಯೂ ಹೇಳಿಯಾಗಿದೆ.

ನದಿ ದಂಡೆಯ ವಿಷಯದಲ್ಲಿ ಮಾತ್ರ ರಿಯಾಯಿತಿ ಬೇಡ. ಕೆಆರ್‌ಎಸ್‌ನಿಂದ ಲಕ್ಷ ಕ್ಯೂಸೆಕ್ ಬಿಟ್ಟಾಗ ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತದೆ, ದಂಡೆಯ ಗದ್ದೆಗಳಿಗೆ ನೀರು ನುಗ್ಗುತ್ತದೆ. ಅಲ್ಲಿ ಕೊಟ್ಟಿಗೆಯನ್ನೂ ಕಟ್ಟಬಾರದು, ದನಗಳ ಜೀವದ ಪ್ರಶ್ನೆ ಅದು.

ರಾಜ್ಯ ಸರ್ಕಾರದ ಕೈಯಲ್ಲೇ ಇರುವ ಕೆಲಸಗಳೂ ಉಂಟು. ಹಿಡುವಳಿ ಎಷ್ಟೇ ಚಿಕ್ಕದಿರಲಿ, ಎರಡು ಗುಂಟೆಯವರೆಗೆ ಮನೆ–ಕೊಟ್ಟಿಗೆಗೆ ಅವಕಾಶ ಎಂದು 95ನೇ ಕಲಮಿಗೆ ಒಂದು ಸಾಲು ಸೇರಿಸಬಹುದು. ಸ್ವಂತ ಕಬ್ಬಿನ ಆಲೆಮನೆ, ಸ್ವಂತ ಹಿಪ್ಪುನೇರಳೆಯ ಹುಳು ಮನೆ ಬೇಸಾಯದ ಕಟ್ಟಡಗಳೇ ಎಂದು ಒಂದು ಸುತ್ತೋಲೆಯಲ್ಲಿ ಸ್ಪಷ್ಟಪಡಿಸಬಹುದು. ಸೋಗಿನ ತೋಟದ ಮನೆ ಹಿಡಿಯಲು ಡ್ರೋನ್ ಬೇಕಿಲ್ಲ. ಬುಕಿಂಗ್ ಆ್ಯಪ್ ತೆರೆದರೆ ಕೋಣೆಯ ಬಾಡಿಗೆ, ಫೋಟೊ, ನದಿಯ ನೋಟ ಎಲ್ಲವನ್ನೂ ಅವರೇ ಹಾಕಿರುತ್ತಾರೆ. ಹಣ ಪಡೆದು ಅತಿಥಿಗಳನ್ನು ಇಳಿಸಿದ ದಿನವೇ ತೋಟದ ಮನೆಯ ರಿಯಾಯಿತಿ ರದ್ದು ಎಂದರೆ ತಹಶೀಲ್ದಾರರ ಅರ್ಧ ಕೆಲಸ ಮುಗಿಯಿತು.

ಇನ್ನುಳಿದದ್ದು ಸ್ಮಾರಕವಾರು ಉಪವಿಧಿ. ದೇಶದ 3,600ಕ್ಕೂ ಹೆಚ್ಚು ಕೇಂದ್ರ ಸಂರಕ್ಷಿತ ಸ್ಮಾರಕಗಳಲ್ಲಿ ಒಂದೊಂದಕ್ಕೂ ಪ್ರತ್ಯೇಕ ಪಾರಂಪರಿಕ ಉಪವಿಧಿ ರೂಪಿಸಬೇಕೆಂದು 2010ರ ತಿದ್ದುಪಡಿಯೇ ಹೇಳಿತ್ತು. ಬಹುಪಾಲು ಸ್ಮಾರಕಗಳಿಗೆ ಅದು ಇನ್ನೂ ಬಂದಿಲ್ಲ. ಬಂದ ಕಡೆಯೂ ಕರಡನ್ನು ಪ್ರಾಧಿಕಾರದ ಜಾಲತಾಣದಲ್ಲಿ ಹಾಕಿ ಆಕ್ಷೇಪಣೆ ಕೇಳುವುದು ಪದ್ಧತಿ. ಕಂಬದಹಳ್ಳಿಯ ಕರಡು ಕನ್ನಡದಲ್ಲಿ ಅಚ್ಚಾಗಿ ಅಲ್ಲಿನ ಗ್ರಾಮಸಭೆಗೆ ಬರಲಿ, ಶ್ರೀರಂಗಪಟ್ಟಣದ್ದು ಪುರಸಭೆಯ ವಾರ್ಡುಗಳಿಗೆ ಹೋಗಲಿ. ಯಾವ ಸರ್ವೆ ನಂಬರು ನೂರರೊಳಗೆ, ಯಾವುದು ಮುನ್ನೂರರೊಳಗೆ ಎಂದು ತೋರಿಸುವ ನಕ್ಷೆ ಪಂಚಾಯಿತಿ ಕಚೇರಿಯ ಗೋಡೆಯ ಮೇಲಿರಲಿ. ಪಾಯ ತೋಡುವ ಮೊದಲೇ ಮೇಸ್ತ್ರಿ ಅದನ್ನು ನೋಡಿಕೊಂಡು ಬರಬಹುದು.